ಹೋಗಿದ್ದಾಳೆ, ಬರ್ತಾಳೆ

ಡಿಸೆಂಬರ್ ೩

ಗೌರವಾನ್ವಿತ ದೊಡ್ಡ ಟೀಚರ್ ಅವರಿಗೆ,

ನಿಮ್ಮ ಕುರ್ಚಿಗೆ ಬಂದು ಕೂತಿರುವ ಹೊಸ ಮೇಷ್ಟ್ರು ಮಾಡುವ ನಮಸ್ಕಾರ. ನೀವು ನನ್ನ ಮುಖ ನೋಡಿಲ್ಲ. ನಷ್ಟವೇನಿಲ್ಲ, ದಿನಾ ಕನ್ನಡಿಯಲ್ಲಿ ನೋಡಿ ನನಗೇ ಸಾಕಾಗಿದೆ. ನಿವೃತ್ತರಾಗಿ ಹೊರಡುವಾಗ ಬೀರುವಿನ ಕೀಲಿಕೈಯನ್ನು ನೀವು ಹಿಟ್ಟಿನ ಗಿರಣಿಯವರ ಹತ್ತಿರ ಕೊಟ್ಟು ಹೋಗಿದ್ದಿರಂತೆ, ಸಿಕ್ಕಿತು. ಆದರೆ ಬೀರು ನನ್ನನ್ನು ಇನ್ನೂ ಒಪ್ಪಿಕೊಂಡಿಲ್ಲ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಬೈದೆ, ಬೇಡಿದೆ. ಕೊನೆಗೆ ಒಂದು ಒದೆ ಕೊಟ್ಟೆ, ಬಾಯಿ ಬಿಟ್ಟಿತು. ಒಳಗೆ ನೋಡಿದರೆ ಒಂದು ಭೂಪಟ, ಒಂದು ಗಂಟೆ, ಸತ್ತ ಜಿರಲೆ ಎಂಟೆ. ಪ್ರಾಸಕ್ಕಾಗಿ ಎಂಟು ಅಂದೆ, ಎಣಿಸಲಿಲ್ಲ. ಇದು ನನಗಿರುವ ಕಾಯಿಲೆ, ಔಷಧಿ ಇಲ್ಲ.

ಶಾಲೆ ಚೆನ್ನಾಗಿದೆ. ರಸ್ತೆ ಮುಗಿಯುವಲ್ಲಿ ಶಾಲೆ, ಶಾಲೆ ಮುಗಿಯುವಲ್ಲಿ ಓದು. ಹತ್ತನೇ ಕ್ಲಾಸು ದಾಟಿದ ಮಕ್ಕಳಿಗೆ ಇಲ್ಲಿ ಏನೇನು ದಾರಿ ಇದೆ ಅಂತ ಗಿರಣಿಯವರನ್ನು ಕೇಳಿದೆ. "ಮೂರಿದೆ ಸಾರ್. ಒಂದು ಕೂಲಿ, ಎರಡು ಮದುವೆ, ಮೂರು ಬಸ್ಸು" ಅಂದರು. ಬಸ್ಸು ಅಂದರೆ ಪೇಟೆಯ ಕಾಲೇಜು, ಹಾಸ್ಟೆಲು.

ಎರಡು ವಿಷಯ ಕೇಳಬೇಕಿತ್ತು. ಒಂಬತ್ತು, ಹತ್ತು ಎರಡೂ ಕ್ಲಾಸು ಕೂರುವ ದೊಡ್ಡ ಕೋಣೆಯಲ್ಲಿ ಕಿಟಕಿ ಪಕ್ಕದ ಒಂದು ಜಾಗ ಖಾಲಿ ಇದೆ. ಉಳಿದ ಬೆಂಚುಗಳಲ್ಲಿ ಮಕ್ಕಳು ಮೊಣಕೈ ಮೊಣಕೈ ತಾಗಿಸಿಕೊಂಡು ಕೂತಿದ್ದಾರೆ, ಅಲ್ಲಿ ಮಾತ್ರ ಯಾರೂ ಕೂರುವುದಿಲ್ಲ. ಒಬ್ಬನಿಗೆ ಕೂರು ಅಂದೆ. ಕಿವಿ ಕೇಳಿಸದವನ ಹಾಗೆ ನಿಂತ.

ಎರಡನೆಯದು ಇನ್ನೂ ವಿಚಿತ್ರ. ಮೊದಲ ದಿನ ಹಾಜರಿ ಕೂಗಿ ಮುಗಿಸಿ ಪುಸ್ತಕ ಮುಚ್ಚಿದೆ. ಮಕ್ಕಳು ಕೂರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ "ಕಿಟಕಿ ಅಕ್ಕ?" ಅಂದಳು. ಇಡೀ ಕ್ಲಾಸು ಒಂದೇ ಕೊರಳಲ್ಲಿ "ಹೋಗಿದ್ದಾಳೆ, ಬರ್ತಾಳೆ" ಅಂತು. ಆಮೇಲೆ ಎಲ್ಲರೂ ಒಂದು ಕ್ಷಣ ಆ ಖಾಲಿ ಜಾಗದ ಕಡೆ ನೋಡಿ ಕೂತರು, ಏನೂ ಆಗಿಲ್ಲವೆಂಬಂತೆ.

ನನಗೂ ಪ್ರಾಸ ಇಷ್ಟ. ಆದರೆ ಇದನ್ನು ಕೇಳಿ ಹಾಜರಿ ಪುಸ್ತಕ ಮತ್ತೆ ತೆರೆದು ನೋಡಿದೆ, ಅಂಥ ಹೆಸರು ಅದರಲ್ಲಿಲ್ಲ. ಏನಿದು, ತಿಳಿಸುತ್ತೀರಾ?

ತಮ್ಮ ವಿಶ್ವಾಸಿ,
ಹೊಸ ಮೇಷ್ಟ್ರು


ಡಿಸೆಂಬರ್ ೨೦

ಹೊಸ ಮೇಷ್ಟ್ರಿಗೆ ಆಶೀರ್ವಾದ,

ಬೀರುವಿಗೆ ಒದ್ದಿರಂತೆ. ಬೀರುವಿಗಷ್ಟೇ ಒದೆಯೋ ಮೇಷ್ಟ್ರು ಅಂತ ನಂಬಿಕೊಂಡು ಈ ಕಾಗದ ಬರೆಸ್ತಾ ಇದ್ದೀನಿ. ಅದರ ಬಾಗಿಲನ್ನ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದು ಕೀಲಿ ತಿರುಗಿಸಬೇಕಪ್ಪಾ. ಮೂವತ್ತು ವರ್ಷ ನನ್ನ ಮಾತು ಕೇಳಿದೆ, ನಿಮ್ಮದೂ ಕೇಳುತ್ತೆ.

ಬರೆಸ್ತಾ ಇದ್ದೀನಿ ಅಂದೆನಲ್ಲ, ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಅದಕ್ಕೇ ಪೇಟೆಗೆ ಬಂದು ಕಾಲೇಜಿನ ಎದುರು ಒಂದು ಮಹಡಿ ಕೋಣೆಯಲ್ಲಿದ್ದೀನಿ. ಒಂದು ಕಣ್ಣು ಕುಯ್ದಾಯ್ತು, ಇನ್ನೂ ಕಟ್ಟು ಬಿಚ್ಚಿಲ್ಲ. ಕೆಳಗೆ ಜೆರಾಕ್ಸ್ ಅಂಗಡಿ. ಅಲ್ಲಿ ಕೆಲಸ ಮಾಡೋ ಹುಡುಗಿ ಸಂಜೆ ಮೇಲೆ ಬಂದು ನನ್ನ ಕಾಗದ ಓದಿ ಹೇಳ್ತಾಳೆ, ನಾನು ಹೇಳಿದ್ದನ್ನ ಬರೀತಾಳೆ. ಅಕ್ಷರ ದುಂಡಗಿದೆ ಅಂತ ನೆನಪು, ಈಗ ನೋಡೋಕೆ ಆಗಲ್ಲ.

ಮಕ್ಕಳು ಹೇಳೋದು ನಾನೇ ಶುರು ಮಾಡಿದ್ದು. ನಮ್ಮಲ್ಲಿಂದ ಯಾರಾದರೂ ಮುಂದೆ ಓದೋಕೆ ಅಂತ ಹೋದರೆ ಅವರು ಕೂರ್ತಿದ್ದ ಜಾಗಾನ ಹಾಗೇ ಬಿಡ್ತಿದ್ವಿ. ಹಾಜರಿ ಆದ ಮೇಲೆ ಅವರನ್ನೂ ಕೂಗೋದು, ಕ್ಲಾಸು "ಹೋಗಿದ್ದಾನೆ, ಬರ್ತಾನೆ" ಅನ್ನೋದು. ಮೊದಲ ರಜೆಗೆ ಅವನು ಬಂದು ಒಂದು ದಿನ ಆ ಜಾಗದಲ್ಲಿ ಕೂತು, ಅಲ್ಲಿ ಏನು ಕಲಿತೆ ಅಂತ ಎಲ್ಲರಿಗೂ ಹೇಳಬೇಕು. ಹೇಳಿ ಎದ್ದ ಮೇಲೆ ಜಾಗ ಬೇರೆಯವರಿಗೆ. ಒಬ್ಬ ಹುಡುಗ ತಾಂತ್ರಿಕ ಶಾಲೆಯಿಂದ ಬಂದು ಫ್ಯೂಸ್ ಕಟ್ಟೋದು ತೋರಿಸ್ತೀನಿ ಅಂತ ಶಾಲೆಯ ದೀಪ ಎಲ್ಲಾ ಆರಿಸಿಬಿಟ್ಟ. ದಾದಿ ತರಬೇತಿಗೆ ಹೋದವಳು ಬಂದು ನನ್ನ ಕೈಗೇ ಕಟ್ಟು ಕಟ್ಟಿದಳು, ಬಿಚ್ಚೋಕೆ ಕತ್ತರಿ ಬೇಕಾಯ್ತು. ಹೋದೋರು ಬರ್ತಾರೆ ಅನ್ನೋದನ್ನ ಕೂತಿರೋರು ದಿನಾ ಕೇಳಬೇಕು ಮೇಷ್ಟ್ರೇ. ಇಲ್ಲದಿದ್ದರೆ ಯಾವ ತಂದೆತಾಯಿ ಕಳಿಸ್ತಾರೆ?

ಕಿಟಕಿ ಪಕ್ಕದ ಜಾಗದ ವಿಷಯ ಬಿಡಿ.

ಚಳಿಗೆ ಸಣ್ಣ ಮಕ್ಕಳನ್ನ ಬಿಸಿಲಲ್ಲಿ ಕೂರಿಸಿ ಪಾಠ ಮಾಡಿ. ಸೀಮೆಸುಣ್ಣ ಮುಗಿದಿದ್ದರೆ ಹೇಳಿ, ಕಳಿಸ್ತೀನಿ.

ಹಳೇ ಟೀಚರು


ಜನವರಿ ೯

ದೊಡ್ಡ ಟೀಚರ್ ಅವರಿಗೆ,

ಬಾಗಿಲು ಎತ್ತಿ ಹಿಡಿದೆ, ಬೀರು ತೆರೆಯಿತು. ಅದಕ್ಕೆ ನಿಮ್ಮ ಹೆಸರು ಹೇಳಬೇಕಾಗಿತ್ತು ಅಷ್ಟೇ.

ಟೀಚರ್, ನಿಮ್ಮ ಕಾಗದ ಉದ್ದಕ್ಕೂ ನಗು. ನಡುವೆ ಒಂದೇ ಒಂದು ಸಾಲು ಮಾತ್ರ ಅನ್ನದಲ್ಲಿ ಸಿಕ್ಕಿದ ಕಲ್ಲಿನ ಹಾಗಿದೆ. 'ಬಿಡಿ' ಅಂದಿರಿ. ಬಿಡುತ್ತಿದ್ದೆ, ಆದರೆ ಬಿಡಲಾಗದ ಒಂದು ಕಾರಣ ಇದೆ. ಆ ಕಾರಣಕ್ಕೆ ಎರಡು ಜಡೆ.

ಗಿರಣಿಯವರ ಮಗಳು ನಿಮಗೆ ಗೊತ್ತು. ಮಾತು ಮಾತಿಗೂ 'ಯಾಕೆ' ಅನ್ನುತ್ತಾಳೆಂದು ಎಲ್ಲರೂ ಅವಳನ್ನು ಯಾಕಮ್ಮ ಅನ್ನುತ್ತಾರೆ. ಈಗ ಹತ್ತನೇ ಕ್ಲಾಸು. ಗಣಿತದಲ್ಲಿ ನನಗಿಂತ ಮುಂದೆ, ಅದು ದೊಡ್ಡ ಮಾತಲ್ಲ. ಪುಸ್ತಕ ಬರೆದವರಿಗಿಂತಲೂ ಮುಂದೆ, ಒಂದು ತಪ್ಪು ಉತ್ತರ ಹಿಡಿದುಕೊಟ್ಟಳು. ಅವಳು ಪೇಟೆಯ ಕಾಲೇಜಿಗೆ ಹೋಗಲೇಬೇಕು. ಅರ್ಜಿಗೆ ಮಾರ್ಚ್ ಕೊನೆಯೊಳಗೆ ಅಪ್ಪನ ಸಹಿ ಆಗಬೇಕು.

ಗಿರಣಿಗೆ ಹೋದೆ. ಅವರು ಬೆಲ್ಟು ನಿಲ್ಲಿಸಿ ಮೈಮೇಲಿನ ಹಿಟ್ಟು ಕೊಡವಿಕೊಂಡು ಕೂತರು. ಹುಬ್ಬೆಲ್ಲಾ ಬಿಳಿ, ದೆವ್ವ ನೋಡಿದವರ ಹಾಗೆ ಕಾಣುತ್ತಿದ್ದರು.

"ಸಾರ್, ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಆ ಕಿಟಕಿ ಹುಡುಗಿಯೂ ಮೊದಲನೇ ನಂಬರೇ. ಬಸ್ಸು ಹತ್ತಿಸೋಕೆ ನಾವೆಲ್ಲಾ ಹೋಗಿದ್ವಿ. ಸಾಕಿದ ಅಜ್ಜಿ ಸತ್ತರೂ ಬರಲಿಲ್ಲ. ಒಂಬತ್ತು ವರ್ಷ ಆಯ್ತು. ದಿನಾ ಬೆಳಿಗ್ಗೆ ಗಿರಣಿ ಬಾಗಿಲಲ್ಲಿ ನಿಂತು ಕೇಳಿಸ್ಕೊಳ್ತೀನಿ, ಬರ್ತಾಳೆ ಬರ್ತಾಳೆ ಅಂತ. ಬರಲ್ಲ ಸಾರ್. ನನ್ನ ಮಗಳ ಹೆಸರನ್ನೂ ಹಂಗೆ ಕೂಗಿಸ್ಲಾ?"

ಹೊಳೆಗೆ ಬಿದ್ದಳು ಅಂತ ಒಬ್ಬರು, ಹಾಸ್ಟೆಲಿನಲ್ಲೇ ಏನೋ ಆಯಿತು ಅಂತ ಇನ್ನೊಬ್ಬರು. ಸಣ್ಣ ಕ್ಲಾಸಿನ ಮಕ್ಕಳಿಗೆ ಮಾತ್ರ ಸಂಶಯವೇ ಇಲ್ಲ. "ಅವಳು ದಿನಾ ಬರ್ತಾಳೆ ಸಾರ್. ಹೇಳೋಕೆ ಬಾಯಿಲ್ಲ, ಅದಕ್ಕೇ ಏಳೋಕಾಗಲ್ಲ."

ಅವಳಿಗೆ ಏನಾಯಿತು ಟೀಚರ್? ಸತ್ತಿದ್ದರೆ ಸತ್ತಳು ಅನ್ನಿ. ಬದುಕಿದ್ದರೆ ಬದುಕಿದ್ದಾಳೆ ಅನ್ನಿ. ಯಾವುದಾದರೂ ಒಂದು ಹೇಳಿ, ಗಿರಣಿಯವರ ಮುಂದೆ ಹೋಗಿ ನಿಲ್ಲುತ್ತೇನೆ.

ಮೇಷ್ಟ್ರು


ಜನವರಿ ೨೮

ಮೇಷ್ಟ್ರಿಗೆ ಆಶೀರ್ವಾದ,

ಒಂದು ಕಣ್ಣಿನ ಕಟ್ಟು ಬಿಚ್ಚಿದರು. ಬೆಳಕು ಕಾಣುತ್ತೆ, ಮನುಷ್ಯರು ಇನ್ನೂ ಕಂಬದ ಹಾಗೆ ಕಾಣ್ತಾರೆ. ನಿನ್ನೆ ಕಂಬಕ್ಕೇ 'ಚೆನ್ನಾಗಿದ್ದೀಯಾ' ಅಂದೆ. ಉತ್ತರ ಬರಲಿಲ್ಲ, ಈ ಪೇಟೆಯಲ್ಲಿ ಮನುಷ್ಯರೂ ಹಾಗೇ ಅಂತ ಸುಮ್ಮನಾದೆ.

ಯಾಕಮ್ಮ ಪುಸ್ತಕ ಬರೆದವರ ತಪ್ಪನ್ನೇ ಹಿಡಿದಳಾ! ಮೂರನೇ ಕ್ಲಾಸಿನಲ್ಲಿ ನನ್ನನ್ನ "ಟೀಚರ್, ಸೊನ್ನೆಗೆ ಯಾಕೆ ಒಳಗೆ ಏನೂ ಇಲ್ಲ?" ಅಂತ ಕೇಳಿದ್ದಳು. ಅವಳನ್ನ ಬಿಡಬೇಡಿ. ಗಿರಣಿಯಪ್ಪನಿಗೆ ಎದುರು ಮಾತಾಡಿದ್ರೆ ಬಗ್ಗಲ್ಲ, ಪಕ್ಕದಲ್ಲಿ ಕೂತು ಮಾತಾಡಿ. ಮೂಟೆ ಎತ್ತೋಕೆ ಒಂದು ಕೈ ಕೊಡಿ. ಇಲ್ಲಿ ಹಾಸ್ಟೆಲ್ ನೋಡಿಕೊಳ್ಳೋಕೆ ನಾನಿದ್ದೀನಿ ಅಂತ ಹೇಳಿ. ಕಾಲೇಜು ನನ್ನ ಕೋಣೆಯ ಬಾಗಿಲಿಗೆ ಎದುರಾಗೇ ಇದೆ.

ನೀವು ಕೇಳಿದವಳ ವಿಷಯ ಇಲ್ಲಿ ಯಾರಿಗೂ ಗೊತ್ತಿಲ್ಲ. ಹುಡುಕಬೇಡಿ.

ನಿಮ್ಮ ಕಾಗದ ಬಂದ ದಿನ ನನ್ನ ಹುಡುಗಿಗೆ ಓದುವಾಗ ಗಂಟಲು ಕಟ್ಟಿತ್ತು. ನೆಗಡಿ ಇರಬೇಕು. ಕಷಾಯ ಮಾಡಿಕೊಟ್ಟೆ.

ಹಳೇ ಟೀಚರು


ಫೆಬ್ರವರಿ ೧೪

ದೊಡ್ಡ ಟೀಚರ್ ಅವರಿಗೆ,

ಮೂಟೆ ಎತ್ತಿದೆ. ನನ್ನ ಸೊಂಟ ಬಗ್ಗಿತು, ಗಿರಣಿಯಪ್ಪ ಬಗ್ಗಲಿಲ್ಲ. ನಕ್ಕರು, ಟೀ ಕೊಟ್ಟರು, ಸಹಿ ಕೊಡಲಿಲ್ಲ. "ದೊಡ್ಡ ಟೀಚರು ಅಲ್ಲೇ ಇದ್ದಾರಂತೆ" ಅಂದೆ. "ಇದ್ದಾರಲ್ಲ, ಹಂಗಾದ್ರೆ ಆ ಹುಡುಗಿ ಎಲ್ಲಿ ಅಂತ ಅವ್ರನ್ನೇ ಕೇಳಿ" ಅಂದರು. ಕೇಳಿದ್ದಕ್ಕೆ ಬಂದ ಉತ್ತರವನ್ನು ಅವರಿಗೆ ತೋರಿಸುವ ಹಾಗಿಲ್ಲ. 'ಹುಡುಕಬೇಡಿ' ಅನ್ನುವ ಮಾತು ಯಾರ ಬಗ್ಗೆ ಆಡುತ್ತಾರೆ, ನೀವೇ ಹೇಳಿ.

ಮಕ್ಕಳೆಲ್ಲ ಹೋದ ಮೇಲೆ ನಿನ್ನೆ ಆ ಜಾಗದಲ್ಲಿ ನಾನೇ ಕೂತೆ. ಧೈರ್ಯ ಅಂತಲ್ಲ, ಮೊಂಡುತನ. ಕೂತ ಮೇಲೆ ಒಂದು ಗೊತ್ತಾಯಿತು. ಇಡೀ ಕೋಣೆಯಲ್ಲಿ ಬಸ್ಸು ನಿಲ್ಲುವ ತಿರುವು ಕಾಣುವುದು ಆ ಒಂದು ಜಾಗದಿಂದ ಮಾತ್ರ. ಉಳಿದ ಬೆಂಚುಗಳಲ್ಲೆಲ್ಲಾ ಧೂಳು, ಗೀರು, ಮಸಿ. ಅಲ್ಲಿನ ಹಲಗೆ ಮಾತ್ರ ದಿನಾ ಯಾರೋ ಕೂತೆದ್ದ ಹಾಗೆ ನುಣ್ಣಗಿದೆ. ಒರೆಸುವವರು ಯಾರು ಅಂತ ಇವತ್ತು ಕೇಳಿದೆ. ಯಾರೂ ಇಲ್ಲ.

ಇನ್ನೊಂದು ಹೇಳುತ್ತೇನೆ, ನಗಬೇಡಿ. ಸ್ನಾನ ಮಾಡುವಾಗ, ಬಟ್ಟೆ ಒಣಹಾಕುವಾಗ ನನ್ನ ಬಾಯಿಗೂ ಅದೇ ಬರುತ್ತಿದೆ. ಹೋಗಿದ್ದಾಳೆ, ಬರ್ತಾಳೆ. ಒಳ್ಳೆಯ ಪ್ರಾಸವೆಂದರೆ ಹಾಗೇ, ಬಿಟ್ಟರೂ ಬಿಡುವುದಿಲ್ಲ. ಅಂದಾದ ಮೇಲೆ ನಿಂತು ಕೇಳಿಸಿಕೊಳ್ಳುತ್ತೇನೆ. ಏನನ್ನು ಅಂತ ನನಗೂ ಗೊತ್ತಿಲ್ಲ.

ಯಾಕಮ್ಮ ಇವತ್ತು ಅರ್ಜಿಯನ್ನು ವಾಪಸ್ ತಂದು ನನ್ನ ಮೇಜಿನ ಮೇಲಿಟ್ಟಳು.

"ಅಪ್ಪ ಬೇಡ ಅಂದ್ರಾ?"

"ಅಪ್ಪನ್ನ ಒಪ್ಪಿಸ್ತೀನಿ ಸಾರ್. ನನಗೇ ಭಯ."

"ದೆವ್ವಕ್ಕಾ?"

"ದೆವ್ವ ಆಗಿದ್ರೆ ಭಯ ಇಲ್ಲ. ಸತ್ತೋರು ಹೆಂಗೆ ಬರ್ತಾರೆ, ಸರಿ. ಬದುಕಿದ್ರೆ? ಬದುಕಿದ್ದೂ ಬರಲಿಲ್ಲ ಅಂದ್ರೆ, ಯಾಕೆ ಸಾರ್? ಮೊದಲನೇ ನಂಬರಿನವಳಿಗೇ ವಾಪಸ್ ಬರೋಕಾಗದೇ ಇರೋಂಥದ್ದು ಅಲ್ಲಿ ಏನಿದೆ?"

ಅವಳ ಪ್ರಶ್ನೆಗಳಿಗೆಲ್ಲಾ ಇದುವರೆಗೆ ಏನಾದರೊಂದು ಜಾಣ ಉತ್ತರ ಕೊಟ್ಟು ಜಾರಿಕೊಂಡಿದ್ದೆ. ಇವತ್ತು ಗಂಟೆ ಹೊಡೆಯುವ ನೆಪ ಮಾಡಿಕೊಂಡು ಹೊರಗೆ ಹೋದೆ.

ದಯವಿಟ್ಟು ಬರೆಯಿರಿ.

ಮೇಷ್ಟ್ರು


ಮಾರ್ಚ್ ೫

ಟೀಚರ್,

ಉತ್ತರ ಬರಲಿಲ್ಲ. ಕಣ್ಣಿನ ತೊಂದರೆ ಇರಬಹುದು ಅಂದುಕೊಂಡೆ. ಕಾಗದ ಕಳೆದಿರಬಹುದು ಅಂದುಕೊಂಡೆ. ಈಗ ಅಂದುಕೊಳ್ಳುವುದಕ್ಕೆ ಏನೂ ಉಳಿದಿಲ್ಲ.

ನಾನು ಆ ಕೂಗನ್ನು ನಿಲ್ಲಿಸಿದೆ. ಮೊನ್ನೆ ಸೋಮವಾರ, "ಇವತ್ತಿಂದ ಹಾಜರಿ ಆದ ಮೇಲೆ ಯಾರೂ ಏನೂ ಹೇಳಬಾರದು, ಆ ಜಾಗದಲ್ಲಿ ಯಾರು ಬೇಕಾದರೂ ಕೂರಬಹುದು" ಅಂದೆ. ಒಳ್ಳೆಯದೇ ಮಾಡುತ್ತಿದ್ದೇನೆ ಅಂತ ನಂಬಿದ್ದೆ. ಹಾಜರಿ ಮುಗಿಯಿತು. ಮಕ್ಕಳು ಹೇಳಿದ ಮಾತು ಕೇಳಿದರು, ಬಾಯಿ ಬಿಡಲಿಲ್ಲ. ಆದರೆ ಕೂರಲೂ ಇಲ್ಲ. ಆ ಮಾತು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ನಿಂತು, ಕಿಟಕಿಯ ಕಡೆ ನೋಡಿ, ಆಮೇಲೆ ಕೂತರು. ದಿನಾ ಹಾಗೇ ಮಾಡುತ್ತಿದ್ದಾರೆ. ಕೂಗು ಇದ್ದಾಗ ಕೋಣೆಯಲ್ಲಿ ಅವಳೊಬ್ಬಳು ಇರಲಿಲ್ಲ. ಈಗ ಅವಳೊಬ್ಬಳೇ ಇದ್ದಾಳೆ.

ಯಾಕಮ್ಮ ಸಂಜೆ ಗಿರಣಿಯಲ್ಲಿ ಚೀಲ ಹಿಡಿಯುತ್ತಿದ್ದಾಳೆ. ಜಡೆಗೆಲ್ಲಾ ಹಿಟ್ಟು. ನಿನ್ನೆ ನನ್ನನ್ನು ನೋಡಿ ಏನೂ ಕೇಳಲಿಲ್ಲ. ಅವಳ ಬಾಯಿಂದ 'ಯಾಕೆ' ಬರದ ದಿನವನ್ನು ನಾನು ಮೊದಲ ಸಲ ನೋಡಿದೆ.

ಒಂದೇ ಪ್ರಶ್ನೆ ಟೀಚರ್. ನಾನು ಬರೆದದ್ದು ನಿಮಗೆ ಪೂರ್ತಿ ತಲುಪುತ್ತಿದೆಯೇ?

ಮೇಷ್ಟ್ರು


ಮಾರ್ಚ್ ೧೩

ಮೇಷ್ಟ್ರೇ,

ಈ ಅಕ್ಷರ ನಿಮಗೆ ಗೊತ್ತು. ದೊಡ್ಡ ಟೀಚರ್ ಹೆಸರಿನಲ್ಲಿ ಇದುವರೆಗೆ ನಿಮಗೆ ಬರೆದವಳು ನಾನೇ. ಜೆರಾಕ್ಸ್ ಅಂಗಡಿ ಹುಡುಗಿ. ನಿಮ್ಮ ಶಾಲೆಯ ಮಕ್ಕಳು ನನ್ನನ್ನ ಕಿಟಕಿ ಅಕ್ಕ ಅಂತಾರೆ.

ಡಿಸೆಂಬರಿನಲ್ಲಿ ಟೀಚರ್ ಹೇಳಿದ್ದು ಬೇರೆ ಇತ್ತು. "ಕಿಟಕಿ ಪಕ್ಕದ ಜಾಗ ಈ ಕಾಗದ ಬರೀತಾ ಇರೋಳದ್ದೇ ಮೇಷ್ಟ್ರೇ. ಅಂಗಡಿಗೆ ಒಂದು ಪ್ರತಿ ಮಾಡಿಸೋಕೆ ಹೋದಾಗ ದನಿ ಕೇಳಿ ಗುರುತು ಹಿಡಿದೆ. ಸಂಕೋಚಪಡ್ತಾಳೆ, ಸ್ವಲ್ಪ ಕಾಲ ಕೊಡಿ, ಬರ್ತಾಳೆ" ಅಂತ ಹೇಳಿದರು. ನಾನು 'ಬಿಡಿ' ಅಂತ ಬರೆದೆ. ಜನವರಿಯಲ್ಲೂ ಹಾಗೇ. ನಿಮ್ಮ ಕಾಗದ ಓದಿ ಹೇಳುವಾಗ ಗಿರಣಿಯವರು ಆಡಿದ್ದು, ಸಣ್ಣ ಮಕ್ಕಳು ಆಡಿದ್ದು ಎಲ್ಲಾ ನುಂಗಿಕೊಂಡೆ. ಗಂಟಲು ಕಟ್ಟಿದ್ದು ಅದಕ್ಕೆ. ಟೀಚರ್ ಕೊಟ್ಟ ಕಷಾಯಾನೂ ಕುಡಿದೆ. ಫೆಬ್ರವರಿಯ ಕಾಗದ ಬಂದೇ ಇಲ್ಲ ಅಂತ ಅಂದೆ.

ಮಾರ್ಚಿನದ್ದು ಬಂದಾಗ ನಾನು ಬ್ಯಾಂಕಿಗೆ ಹೋಗಿದ್ದೆ. ಅಂಗಡಿಯ ಯಜಮಾನರು ಮೇಲೆ ಹೋಗಿ ಓದಿ ಹೇಳಿದರಂತೆ. ನಾನು ಬಂದಾಗ ಟೀಚರ್ ಗೋಡೆ ಕಡೆ ತಿರುಗಿ ಕೂತಿದ್ದರು. ಬೈತಾರೆ ಅಂದುಕೊಂಡೆ. "ಇನ್ನು ನೀನು ಬರಿ. ನಾನು ಹೇಳಿಕೊಡಲ್ಲ" ಅಂದರು, ಅಷ್ಟೇ.

ಯಾಕಮ್ಮ ಕೇಳಿದ್ದಕ್ಕೆ ಉತ್ತರ ಬರೀತೀನಿ. ಇಲ್ಲಿ ಏನಿದೆ ಅಂತ ಕೇಳಿದಳಲ್ಲ. ಭಯಪಡೋಂಥದ್ದು ಏನೂ ಇಲ್ಲ. ಎತ್ತರದ ಕೋಣೆ, ಮೆಟ್ಟಿಲು ಮೆಟ್ಟಿಲಾಗಿ ಬೆಂಚು, ಕೆಳಗೆ ದೂರದಲ್ಲಿ ಪಾಠ ಮಾಡೋರು. ಅವರ ಭಾಷೆ ನಮ್ಮದಲ್ಲ. ಮೊದಲ ವಾರ ಒಂದು ಅಕ್ಷರ ಅರ್ಥ ಆಗಲಿಲ್ಲ. ನಾಳೆ ಆಗುತ್ತೆ ಅಂದುಕೊಂಡೆ. ಎಲ್ಲರೂ ತಲೆ ಆಡಿಸ್ತಿದ್ದರು, ನಾನೂ ಆಡಿಸ್ತಿದ್ದೆ. ಎಷ್ಟೋ ದಿನ ಆದ ಮೇಲೆ ಗೊತ್ತಾಯ್ತು, ಅವರಲ್ಲಿ ಅರ್ಧ ಜನರಿಗೂ ಅರ್ಥ ಆಗ್ತಿರಲಿಲ್ಲ ಅಂತ. ಅಷ್ಟರಲ್ಲಿ ನಾನು ಫೇಲಾಗಿದ್ದೆ. ಶಾಲೆಯಲ್ಲಿ ಎಲ್ಲದಕ್ಕೂ ಕೈ ಎತ್ತುತ್ತಿದ್ದವಳು ಇಲ್ಲಿ 'ತಿಳಿಯಲಿಲ್ಲ' ಅನ್ನೋಕೆ ಒಂದು ಸಲ ಕೈ ಎತ್ತಲಿಲ್ಲ. ಆಗಿದ್ದು ಇಷ್ಟೇ. ಹೊಳೆಯೂ ಇಲ್ಲ, ಏನೂ ಇಲ್ಲ.

ಫೇಲಾದವರು ಊರಿಗೆ ಹೋಗ್ತಾರೆ. ನನಗೆ ಹೋಗೋಕಾಗಲಿಲ್ಲ. ಹೋದರೆ ಆ ಜಾಗದಲ್ಲಿ ಕೂತು ಏನು ಕಲಿತೆ ಅಂತ ಹೇಳಬೇಕಲ್ಲ. ಏನು ಹೇಳಲಿ? ಮುಂದಿನ ರಜೆಗೆ, ಅದರ ಮುಂದಿನದಕ್ಕೆ ಅಂತ ದೂಡಿದೆ. ಅಜ್ಜಿ ಹೋದ ಸುದ್ದಿ ಹಳೇ ಹಾಸ್ಟೆಲಿಗೆ ಬಂದು ನನಗೆ ಮುಟ್ಟೋ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಆಮೇಲೆ ಯಾವ ಮುಖ ಹೊತ್ತುಕೊಂಡು ಬರಲಿ? ಕಾಲೇಜಿನ ಎದುರೇ ಕೆಲಸ ಸಿಕ್ತು. ಪ್ರತಿ ವರ್ಷ ಹಳ್ಳಿ ಹಳ್ಳಿಯ ಮಕ್ಕಳು ಬರ್ತಾರೆ, ಅವರ ಅರ್ಜಿ ತುಂಬಿ ಕೊಡ್ತೀನಿ. ನನ್ನ ಅಕ್ಷರದಲ್ಲಿ ಎಷ್ಟು ಜನ ಕಾಲೇಜಿಗೆ ಹೋಗಿದ್ದಾರೋ, ಲೆಕ್ಕ ಇಟ್ಟಿಲ್ಲ.

ಬೆಳಿಗ್ಗೆ ಅಂಗಡಿ ತೆರೆದು ಮಿಷನ್ ಬಿಸಿಯಾಗೋವರೆಗೆ ಕಾಯಬೇಕು. ನಿಮ್ಮಲ್ಲಿ ಹಾಜರಿ ಕೂಗೋದೂ ಅದೇ ಹೊತ್ತಿಗೆ. ಅದು ಗುಂಯ್ ಅನ್ನೋದರ ಒಳಗೆ ದಿನಾ ಕೇಳಿಸುತ್ತೆ ಮೇಷ್ಟ್ರೇ, ಇಡೀ ಕ್ಲಾಸಿನ ದನಿ. ಮೊದಲು ನನ್ನ ಜೊತೆ ಓದಿದವರ ದನಿಯೇ ಇತ್ತು. ಆಮೇಲೆ ನಾನು ನೋಡೇ ಇಲ್ಲದ ಮಕ್ಕಳ ದನಿ. ನಾನು ಬಂದು ಕೂರ್ತೀನಿ ಅಂತ ಮಕ್ಕಳು ಹೇಳ್ತಾರಂತಲ್ಲ. ಸುಳ್ಳು ಅನ್ನೋಕೆ ನನಗೆ ಧೈರ್ಯ ಇಲ್ಲ. ಮೊನ್ನೆ ಒಂದು ಸೋಮವಾರ ಮಿಷನ್ ಬಿಸಿಯಾಯ್ತು, ಏನೂ ಕೇಳಿಸಲಿಲ್ಲ. ನೀವು ನಿಲ್ಲಿಸಿದ್ದು ನನಗೆ ಆಗ ಗೊತ್ತಿರಲಿಲ್ಲ. ಆವತ್ತು ಎಲ್ಲಾ ಪ್ರತಿಗಳೂ ಖಾಲಿ ಬಂದವು. ಯಜಮಾನರು ಶಾಯಿ ಮುಗಿದಿದೆ ಅಂದರು. ಇರಬಹುದು.

ಬರೋ ಸೋಮವಾರ ಮೊದಲ ಬಸ್ಸಿಗೆ ಬರ್ತೀನಿ. ಟೀಚರ್ ಬರಲ್ಲ ಅಂದರು, "ಇದು ನಿನ್ನ ದಿನ" ಅಂತ. ಯಾಕಮ್ಮನ ಅರ್ಜಿ ಹೊಸದೊಂದು ತರ್ತೀನಿ, ಹಳೆಯದಕ್ಕೆ ಹಿಟ್ಟು ಹತ್ತಿರುತ್ತೆ. ಗಿರಣಿಯವರನ್ನೂ ಶಾಲೆಗೆ ಕರೆಯಿರಿ. ಹಿಂದೆ ನಿಂತು ಕೇಳಿಸಿಕೊಳ್ಳಲಿ. ಗೊತ್ತಾಗದಿದ್ದಾಗ ಗೊತ್ತಾಗಲಿಲ್ಲ ಅನ್ನಬೇಕು ಅನ್ನೋದೊಂದನ್ನ ಒಂಬತ್ತು ವರ್ಷದಲ್ಲಿ ಕಲಿತಿದ್ದೀನಿ, ಅದನ್ನೇ ಹೇಳ್ತೀನಿ. ಹೇಳಿ ಎದ್ದುಬಿಡ್ತೀನಿ. ಆಮೇಲೆ ಆ ಜಾಗ ಯಾಕಮ್ಮಂದು. ಅವಳು ಹೋಗಿ ಬರೋವರೆಗೆ ಹಾಗೇ ಇರಲಿ.

ಒಂದು ಕೇಳಿಕೊಳ್ತೀನಿ. ಆವತ್ತು ಒಂದು ದಿನ ಮಕ್ಕಳಿಗೆ ಬಾಯಿ ಬಿಡೋಕೆ ಬಿಡಿ. ಹಾಜರಿ ಆದ ಮೇಲೆ ನನ್ನನ್ನ ಕೂಗಲಿ. "ಹೋಗಿದ್ದಾಳೆ" ಅನ್ನಲಿ. ಅಷ್ಟು ಅಂದು ನಿಲ್ಲಿಸಲಿ.

ಉಳಿದದ್ದು ನಾನು ಹೇಳ್ತೀನಿ.